ಏಳನೇ ಹೆನ್ರಿಯ ವಿದೇಶಾಂಗ ನೀತಿ ಗೆದ್ದಿತಾ ಸೋತಿತಾ, ಅಳೆಯುದು ಹೇಗೆ?

ಕುಂಬ್ಳೆಯ_ಓದುಗಿ:

ನಮಸ್ಕಾರ ಎಲ್ರಿಗೂ. ನಾನು ಎಂ.ಎ. ಹಿಸ್ಟರಿ ಓದ್ತಾ ಇದ್ದೇನೆ, ಪ್ಲಸ್ ಟೂವರೆಗೂ ಕಾಸರಗೋಡಲ್ಲೇ ಕನ್ನಡ ಮೀಡಿಯಂ. ಈ ಸಲ ಸೆಮಿನಾರಿಗೆ ನನಗೆ ಸಿಕ್ಕಿದ ವಿಷಯ ಇಂಗ್ಲೆಂಡಿನ ಏಳನೇ ಹೆನ್ರಿ, ಅವನ ವಿದೇಶಾಂಗ ನೀತಿ ಎಷ್ಟರ ಮಟ್ಟಿಗೆ ಯಶಸ್ವಿ ಅಂತ. ಕ್ಲಾಸಲ್ಲಿ ಪಾಠ ಇಂಗ್ಲಿಷಲ್ಲಿ, ಮಧ್ಯೆ ವಿವರಣೆ ಮಲಯಾಳಂನಲ್ಲಿ, ಅರ್ಥ ಎಲ್ಲ ಆಗ್ತದೆ, ಆದ್ರೆ ವಾದ ಕಟ್ಲಿಕ್ಕೆ ಕೂತ್ರೆ ನನ್ನ ತಲೆ ಓಡುದು ಕನ್ನಡದಲ್ಲೇ, ಹಾಗಾಗಿ ಇಲ್ಲಿ ಕೇಳ್ತಿದ್ದೇನೆ.

ನೋಟ್ಸಲ್ಲಿ ಗೆಲುವು ಅಂತ ಕೊಟ್ಟದ್ದು ಸ್ಪೇನ್ ಜೊತೆ 1489ರ ಮದೀನಾ ದೆಲ್ ಕ್ಯಾಂಪೊ ಒಪ್ಪಂದ, ಫ್ರಾನ್ಸ್ ಜೊತೆ 1492ರ ಎಟಾಪ್ಲ್ ಒಪ್ಪಂದ, ಮಗಳು ಮಾರ್ಗರೆಟಳನ್ನು ಸ್ಕಾಟ್ಲೆಂಡಿಗೆ ಮದುವೆ ಮಾಡಿ ಕೊಟ್ಟದ್ದು. ಸೋಲು ಅಂತ ಕೊಟ್ಟದ್ದು ಬ್ರಿಟನಿ (ಬ್ರಿಟನ್ ಅಲ್ಲ, ಫ್ರಾನ್ಸಿನ ಪಕ್ಕದ ಬೇರೆ ಸಂಸ್ಥಾನ) ಫ್ರಾನ್ಸಿನ ಪಾಲಾದದ್ದು, ಕೊನೆಗೆ 1508ರಲ್ಲಿ ಯುರೋಪಿನ ದೊರೆಗಳ ಕಾಂಬ್ರೆ ಕೂಟದಲ್ಲಿ ಇವನನ್ನು ಸೇರಿಸದೇ ಇದ್ದದ್ದು. ಇದನ್ನೇ ಎರಡು ಕಾಲಂ ಮಾಡಿ ಕೆಳಗೆ "ಭಾಗಶಃ ಯಶಸ್ವಿ" ಅಂತ ಬರೆದ್ರೆ ಅದು ಉತ್ತರವಾ? ನನಗೆ ಸಮಾಧಾನ ಇಲ್ಲ. ಯಾವ ಕೋಲಲ್ಲಿ ಅಳೀಬೇಕು ಅಂತ ಗೊತ್ತಿದ್ದವರು ಸ್ವಲ್ಪ ಹೇಳಿ.

ಹಿಸ್ಟರಿ_ಮಾಷ್ಟ್ರು:

ಕಾಲಂ ಬಿಟ್ಟುಬಿಡು ಮಗಳೇ. ಮೊದ್ಲು ಕೇಳ್ಬೇಕಾದ್ದು ಇವನಿಗೆ ಬೇಕಿದ್ದದ್ದು ಎಂತ ಅಂತ. ಜಾಗ ಬೇಕಿತ್ತಾ? ಇಲ್ಲ. ಅವನಿಗೆ ಬೇಕಿದ್ದದ್ದು ತಾನು ಕೂತ ಗದ್ದುಗೆ ಉಳಿದು ಮಗನ ಕೈಗೆ ಹೋಗುದು, ಅಷ್ಟೇ.

ಯಾಕೆ ಅಂದ್ರೆ ಅವನ ಹಕ್ಕೇ ತೆಳು. ವರ್ಷಗಟ್ಟಲೆ ಬ್ರಿಟನಿಯಲ್ಲಿ ತಲೆಮರೆಸಿಕೊಂಡು ಇದ್ದವ, ಆಮೇಲೆ ಫ್ರಾನ್ಸಿನ ದುಡ್ಡು ಫ್ರಾನ್ಸಿನ ಆಳು ಕಟ್ಟಿಕೊಂಡು ಹಡಗಲ್ಲಿ ಬಂದು 1485 ಆಗಸ್ಟ್ 22ಕ್ಕೆ ಬಾಸ್ವರ್ತಲ್ಲಿ ಮೂರನೇ ರಿಚರ್ಡನನ್ನು ಕೊಂದು ಅರಸ ಆದವ. ಹೊರಗಿನ ಒಬ್ಬ ದೊರೆ ಬೆನ್ನಿಗೆ ನಿಂತ್ರೆ ಇಂಗ್ಲೆಂಡಿನ ಅರಸನನ್ನು ಇಳಿಸಬಹುದು ಅಂತ ತೋರಿಸಿಕೊಟ್ಟವನೇ ಇವ. ಹಾಗಾಗಿ ಇನ್ನೊಬ್ಬ ಅದೇ ದಾರಿಯಲ್ಲಿ ಬರದ ಹಾಗೆ ಯುರೋಪಿನ ಒಂದೊಂದೇ ಆಸ್ಥಾನದ ಬಾಗಿಲು ಹಾಕಿಸುದೇ ಅವನ ವಿದೇಶಾಂಗ ನೀತಿ. 1487ರಲ್ಲೇ ಲ್ಯಾಂಬರ್ಟ್ ಸಿಮ್ನೆಲ್ ಅನ್ನುವ ಹುಡುಗನನ್ನು ಮುಂದಿಟ್ಟುಕೊಂಡು ರಿಚರ್ಡನ ಯಾರ್ಕ್ ವಂಶದ ಕಡೆಯವರು ಬಂದ್ರು, ರಿಚರ್ಡನ ಅಕ್ಕ ಬರ್ಗಂಡಿಯ ಮಾರ್ಗರೆಟ್ ಕಳಿಸಿದ 2,000 ಜರ್ಮನ್ ಬಾಡಿಗೆ ಸೈನಿಕರ ಜೊತೆ. ಆಮೇಲೆ 1491ರಲ್ಲಿ ಪರ್ಕಿನ್ ವಾರ್ಬೆಕ್, "ನೀವೆಲ್ಲ ಸತ್ತ ಅಂದುಕೊಂಡ ರಾಜಕುಮಾರ ರಿಚರ್ಡ್, ಹಿಂದಿನ ಅರಸ ನಾಲ್ಕನೇ ಎಡ್ವರ್ಡನ ಮಗ, ನಾನೇ" ಅಂತ ಹೇಳಿಕೊಂಡು ಐರ್ಲೆಂಡ್, ಫ್ರಾನ್ಸ್, ಬರ್ಗಂಡಿ, ಜರ್ಮನಿಯ ದೊರೆ ಮ್ಯಾಕ್ಸಿಮಿಲಿಯನ್, ಸ್ಕಾಟ್ಲೆಂಡ್ ಅಂತ ಮನೆಯಿಂದ ಮನೆಗೆ ತಿರುಗಿದವ.

ಈಗ ಒಪ್ಪಂದಗಳನ್ನು ಓದು. ಮದೀನಾ ದೆಲ್ ಕ್ಯಾಂಪೊದಲ್ಲಿ ಬಂಡುಕೋರರಿಗೆ ಆಶ್ರಯ ಕೊಡ್ಲಿಕ್ಕಿಲ್ಲ ಅಂತ ಉಂಟು, ಎಟಾಪ್ಲಲ್ಲಿ ಉಂಟು, 1496ರ ಮ್ಯಾಗ್ನಸ್ ಇಂಟರ್‌ಕರ್ಸಸ್ ಹೆಸರಿಗೆ ವ್ಯಾಪಾರದ ಒಪ್ಪಂದ, ಅದರಲ್ಲೂ ಉಂಟು. 1497ಕ್ಕೆ ಸ್ಕಾಟ್ಲೆಂಡಿನ ನಾಲ್ಕನೇ ಜೇಮ್ಸ್ ಕೂಡ ವಾರ್ಬೆಕನನ್ನು ಸಾಗಹಾಕಿದ, ತನ್ನ ಬಂಧುಗಳಲ್ಲೇ ಹೆಣ್ಣು ಕೊಟ್ಟಿದ್ದವ ಅವ! ಎಲ್ಲೂ ಜಾಗ ಇಲ್ಲದೆ ವಾರ್ಬೆಕ್ ಕಾರ್ನ್‌ವಾಲಲ್ಲಿ ಇಳಿದು ಸಿಕ್ಕಿಬಿದ್ದ, 1499ರಲ್ಲಿ ಗಲ್ಲಿಗೆ ಹೋದ.

ಎಟಾಪ್ಲನ್ನು ಮಾತ್ರ ಹತ್ತಿರದಿಂದ ನೋಡ್ಬೇಕು, ನನಗೆ ಪಾಠ ಮಾಡುವಾಗ ತುಂಬ ಇಷ್ಟದ ಭಾಗ ಅದು. ದಂಡು ಕಟ್ಟಿಕೊಂಡು ಹೆನ್ರಿ ಸಮುದ್ರ ದಾಟಿದ್ದು ಅಕ್ಟೋಬರಲ್ಲಿ, ಅಂದ್ರೆ ಯುದ್ಧದ ಕಾಲ ಮುಗಿದು ಚಳಿ ಶುರು ಆಗುವಾಗ. ಬೂಲೋನಿಗೆ ಮುತ್ತಿಗೆ ಹಾಕಿದ. ಅತ್ತ ಫ್ರಾನ್ಸಿನ ಅರಸ ಎಂಟನೇ ಚಾರ್ಲ್ಸನ ಕಣ್ಣು ಪೂರ್ತಿ ಇಟಲಿ ಮೇಲೆ, ಅವನಿಗೆ ಇಲ್ಲಿ ತಲೆನೋವು ಬೇಡ. ನವೆಂಬರ್ 3ಕ್ಕೆ ರಾಜಿ. ಸಿಕ್ಕಿದ್ದು 7,45,000 ಚಿನ್ನದ ಕ್ರೌನ್: ಬ್ರಿಟನಿಗೆ ಮಾಡಿದ ಖರ್ಚಿನ ಲೆಕ್ಕ 6,20,000, ನಾಲ್ಕನೇ ಎಡ್ವರ್ಡನಿಗೆ 1475ರಲ್ಲಿ ಕೊಡ್ತೇವೆ ಅಂದದ್ದರ ಬಾಕಿ 1,25,000. ವರ್ಷಕ್ಕೆ 50,000ದ ಕಂತು, ಜೊತೆಗೆ ವಾರ್ಬೆಕನಿಗೆ ಫ್ರಾನ್ಸ್ ಬಂದ್. ದೊಡ್ಡ ಕಾಳಗ ಒಂದೂ ಆಗದೆ ಇಷ್ಟು!

ಇನ್ನೊಂದು, ಇದು ಸೆಮಿನಾರಿಗೆ ಬೇಕಾಗ್ಲಿಕ್ಕಿಲ್ಲ ಆದ್ರೆ ನಮ್ಮವರಿಗೆ ಹಿಡಿತ ಸಿಗ್ತದೆ. ಹೆಚ್ಚುಕಡಿಮೆ ಅದೇ 1485ರ ಹೊತ್ತಿಗೆ ವಿಜಯನಗರದಲ್ಲಿ ಸಾಳುವ ನರಸಿಂಹ ಸಂಗಮರನ್ನು ಬದಿಗೆ ಸರಿಸಿ ಸಿಂಹಾಸನ ಹಿಡಿದ. ಅವನೂ ಸಮರ್ಥನೇ, ಆದ್ರೆ ಅಧಿಕಾರ ಅವನ ಮಕ್ಕಳ ಕೈಯಲ್ಲಿ ನಿಲ್ಲಲಿಲ್ಲ, 1505ಕ್ಕೆ ತುಳುವರ ಪಾಲಾಯ್ತು. 1509ರಲ್ಲಿ ಅಲ್ಲಿ ಕೃಷ್ಣದೇವರಾಯ ಪಟ್ಟಕ್ಕೆ ಬಂದ, ಅದೇ ವರ್ಷ ಇಂಗ್ಲೆಂಡಲ್ಲಿ ಹೆನ್ರಿಯ 17 ವರ್ಷದ ಮಗ ಯಾರ ತಕರಾರೂ ಇಲ್ಲದೆ ಅರಸ ಆದ. ಗೆಲುವು ಅಂದ್ರೆ ನನ್ನ ಮಟ್ಟಿಗೆ ಅದು.

ಉಪ್ಪಳದವ:

ಮಾಷ್ಟ್ರೇ, ನಿಮ್ಮ ಕೋಲು ಸರಿ, ಆದ್ರೆ ಅದೇ ಕೋಲಲ್ಲಿ ಅಳೆದ್ರೂ ಇಷ್ಟು ಮಾರ್ಕ್ ಬರುದಿಲ್ಲ. 1489 ಫೆಬ್ರವರಿಯಲ್ಲಿ ರೆಡಾನ್ ಒಪ್ಪಂದ ಮಾಡಿ ಬ್ರಿಟನಿಗೆ 6,000 ಜನ ಕಳಿಸ್ತೇನೆ ಅಂದ, ಅದಕ್ಕೆ 1,00,000 ಪೌಂಡಿನ ತೆರಿಗೆ ಹಾಕಿಸಿದ, ಬಂದದ್ದು 27,000 ಚಿಲ್ಲರೆ. ಯಾರ್ಕ್‌ಶೈರಲ್ಲಿ ಜನ ದಂಗೆ ಎದ್ದು ನಾರ್ತಂಬರ್‌ಲ್ಯಾಂಡಿನ ಅರ್ಲ್‌ನನ್ನೇ ಕೊಂದ್ರು. ಇಷ್ಟಾಗಿ 1491 ಡಿಸೆಂಬರಲ್ಲಿ ಬ್ರಿಟನಿಯ ಒಡತಿ ಆನ್ ಫ್ರಾನ್ಸಿನ ಚಾರ್ಲ್ಸನನ್ನೇ ಮದುವೆ ಆದ್ಲು, ಆಚೆ ದಡದ ದೊಡ್ಡ ಪಾಲು ಫ್ರಾನ್ಸಿನ ಕೈಗೆ ಹೋಯ್ತು. ನೀವು ಹೇಳುವ ಆ 6,20,000 ಕಳ್ಕೊಂಡದ್ದಕ್ಕೆ ಸಿಕ್ಕಿದ ಪರಿಹಾರ, ಗಳಿಕೆ ಅಲ್ಲ.

1497 ಇನ್ನೂ ಗಂಭೀರ. ಸ್ಕಾಟ್ಲೆಂಡ್ ಮೇಲೆ ದಂಡೆತ್ತಿ ಹೋಗ್ಲಿಕ್ಕೆ ಅಂತ ಹಾಕಿದ ತೆರಿಗೆಗೆ ಕಾರ್ನ್‌ವಾಲಿನವರು ಸಿಟ್ಟಾಗಿ ನಡ್ಕೊಂಡು ಬಂದು ಲಂಡನ್ ಪಕ್ಕದ ಬ್ಲ್ಯಾಕ್‌ಹೀತಿಗೆ ಮುಟ್ಟಿದ್ರು, ಜೂನ್ 17ಕ್ಕೆ ಅಲ್ಲಿ ಯುದ್ಧವೇ ಆಯ್ತು. ಗದ್ದುಗೆ ಉಳಿಸ್ಲಿಕ್ಕೆ ಮಾಡಿದ ನೀತಿಯೇ ಗದ್ದುಗೆ ಬುಡಕ್ಕೆ ಬಂತಲ್ಲ ಮಾರಾಯ್ರೆ, ಇದನ್ನು ಲೆಕ್ಕದಿಂದ ಹೊರಗೆ ಇಡುದು ಹೇಗೆ?

ಬದಿಯಡ್ಕ_ಅಕ್ಕ:

ನಾನು ಓದಿದ್ದು ಕಾಮರ್ಸ್, ಮನೆಯಲ್ಲಿ ಅಡಿಕೆ ವ್ಯಾಪಾರ, ಹಾಗಾಗಿ ನನ್ನ ಕಣ್ಣು ಹೋಗುದು ಬಟ್ಟೆಯ ಕಡೆಗೆ. ಇಂಗ್ಲೆಂಡಿನ ಉಣ್ಣೆಬಟ್ಟೆಗೆ ದೊಡ್ಡ ಪೇಟೆ ಆಂಟ್ವರ್ಪ್, ಅದು ಬರ್ಗಂಡಿಯವರ ಆಳ್ವಿಕೆಯಲ್ಲಿತ್ತು. ಬರ್ಗಂಡಿಯವರು ವಾರ್ಬೆಕನಿಗೆ ಆಶ್ರಯ ಕೊಟ್ರು ಅಂತ 1493ರಲ್ಲಿ ಹೆನ್ರಿ ಅಲ್ಲಿಗೆ ವ್ಯಾಪಾರವನ್ನೇ ನಿಲ್ಲಿಸಿ ಎಲ್ಲ ಫ್ರಾನ್ಸಿನ ದಡದಲ್ಲಿ ಇಂಗ್ಲೆಂಡಿನ ಕೈಯಲ್ಲಿದ್ದ ಕಲೇ ಊರಿನ ಮೂಲಕ ಹೋಗ್ಲಿ ಅಂದ. 2020ರಲ್ಲಿ ತಲಪಾಡಿಯಲ್ಲಿ ಗಡಿ ಬಂದ್ ಆದಾಗ ಆಚೆಯವರಿಗೂ ಈಚೆಯವರಿಗೂ ಎಂತ ಆಯ್ತು ಅಂತ ನಾವೆಲ್ಲ ನೋಡಿದವರೇ ಅಲ್ವಾ, ಅವರದ್ದೂ ಹಾಗೇ, ಪೆಟ್ಟು ಎರಡೂ ಕಡೆಗೆ. ಲಂಡನಿನ ವ್ಯಾಪಾರಿಗಳ ಸರಕು ಹೋಗುದು ನಿಂತಿತು, ಜರ್ಮನ್ ಹಾನ್ಸಾ ವರ್ತಕರದ್ದು ಮಾತ್ರ ನಡೀತಾ ಇತ್ತು, ಆ ಸಿಟ್ಟಿಗೆ ಜನ ಲಂಡನಲ್ಲಿ ಹಾನ್ಸಾದವರ ನೆಲೆಯಾದ ಸ್ಟೀಲ್‌ಯಾರ್ಡಿಗೆ ನುಗ್ಗಿ ಗಲಾಟೆ ಮಾಡಿದ್ರು. 1496ರಲ್ಲಿ ಮ್ಯಾಗ್ನಸ್ ಇಂಟರ್‌ಕರ್ಸಸ್ ಆದ ಮೇಲೆ ಪೇಟೆ ಪುನಃ ತೆರೆದದ್ದು.

ವ್ಯಾಪಾರ ಬೆಳೆಸಿದ ರಾಜ ಅಂತ ಇವನನ್ನು ಹೊಗಳುವವರು ಈ ಮೂರು ವರ್ಷವನ್ನು ಮರೀತಾರೆ. ವಂಶವಾ ವ್ಯಾಪಾರವಾ ಅಂತ ಬಂದಾಗ ಅವ ವಂಶವನ್ನೇ ಆರಿಸಿದ, ಮಾಷ್ಟ್ರು ಹೇಳಿದ್ದಕ್ಕೆ ಇದಕ್ಕಿಂತ ಗಟ್ಟಿ ಪುರಾವೆ ಬೇರೆ ಬೇಡ. ಆದ್ರೆ 1506ರಲ್ಲಿ ಕೈಗೆ ಸಿಕ್ಕಿದ ಬರ್ಗಂಡಿಯ ದೊರೆ ಫಿಲಿಪನ ಹತ್ರ ಒತ್ತಿ ಬರೆಸಿಕೊಂಡ ವ್ಯಾಪಾರ ಒಪ್ಪಂದ ಉಂಟಲ್ಲ, ಆ ಕಡೆಯವರು "ಕೆಟ್ಟ ಒಪ್ಪಂದ" ಅಂತಲೇ ಕರೆದದ್ದು, ಅದು ಜಾರಿಗೇ ಬರಲಿಲ್ಲ. ಮರುವರ್ಷ ಪುನಃ 1496ರದ್ದಕ್ಕೇ ಬಂದ್ರು. ಎದುರಿನವನಿಗೂ ನಾಲ್ಕು ಕಾಸು ಉಳಿಯದ ವ್ಯಾಪಾರ ನಿಲ್ಲುದಿಲ್ಲ.

ಕುಂಬ್ಳೆಯ_ಓದುಗಿ:

ಮಾಷ್ಟ್ರೇ, ಅಕ್ಕ, ಅಣ್ಣ, ಎಲ್ರಿಗೂ ತುಂಬ ಥ್ಯಾಂಕ್ಸ್, ಒಂದೇ ರಾತ್ರಿಯಲ್ಲಿ ಇಷ್ಟು ಸಿಗ್ತದೆ ಅಂತ ಅಂದುಕೊಂಡಿರಲಿಲ್ಲ. ಇನ್ನು ಎರಡೇ ಪ್ರಶ್ನೆ. 1502ರ ನಂತರದ್ದನ್ನು ಬೇರೆ ಮಾಡಿ ನೋಡ್ಬೇಕಾ? ಮತ್ತೆ, ಮಾರ್ಗರೆಟಳ ಮದುವೆಯಿಂದಾಗಿ 1603ರಲ್ಲಿ ಎರಡು ರಾಜ್ಯಕ್ಕೂ ಒಬ್ಬನೇ ಅರಸ ಬಂದ ಅನ್ನುದನ್ನು ಇವನ ಗೆಲುವಿಗೆ ಸೇರಿಸಬಹುದಾ?

ಹಿಸ್ಟರಿ_ಮಾಷ್ಟ್ರು:

ಉಪ್ಪಳದವರು ಹೇಳಿದ 1497 ಖಂಡಿತ ಸೇರಿಸು, ಅದಿಲ್ಲದೆ ನಿನ್ನ ಪೇಪರಿಗೆ ತೂಕ ಬರುದಿಲ್ಲ. ಬ್ಲ್ಯಾಕ್‌ಹೀತ್ ಆದ ಮೇಲೆ ಅವ ಸ್ಕಾಟ್ಲೆಂಡಿನ ಯುದ್ಧವನ್ನು ಮುಂದುವರಿಸಲಿಲ್ಲ, ಅದೇ ಸೆಪ್ಟೆಂಬರಲ್ಲಿ ಏಟನ್ನಿನಲ್ಲಿ ಕದನವಿರಾಮ ಮಾಡಿಕೊಂಡ ಅನ್ನುದನ್ನೂ ಪಕ್ಕದಲ್ಲಿ ಇಡು.

1502 ಬೇರೆ ಮಾಡು. ಏಪ್ರಿಲ್ 2ಕ್ಕೆ ಹೆನ್ರಿಯ ಹಿರಿಮಗ ಆರ್ಥರ್ ತೀರಿಹೋದ, ಸ್ಪೇನಿನ ಕ್ಯಾಥರಿನ್ ಜೊತೆ ಮದುವೆ ಆಗಿ ಐದು ತಿಂಗಳೂ ತುಂಬಿರಲಿಲ್ಲ. ಮರುವರ್ಷ ರಾಣಿ ಎಲಿಜಬೆತ್, 1504 ನವೆಂಬರಲ್ಲಿ ಸ್ಪೇನಿನ ಇಸಬೆಲ್ಲಾ. ಆ ಮೇಲೆ ಇವ ಒಮ್ಮೆ ಇಸಬೆಲ್ಲಾಳ ಗಂಡ ಫರ್ಡಿನೆಂಡ್ ಕಡೆ, ಒಮ್ಮೆ ಫಿಲಿಪ್ ಕಡೆ, ಪಾಪ ಆ ಹುಡುಗಿ ಕ್ಯಾಥರಿನಳನ್ನು ಎರಡನೇ ಮಗನಿಗೆ ಕೊಡುದಾ ಬೇಡವಾ ಅಂತ ವರ್ಷಗಟ್ಟಲೆ ತೂಗಾಡಿಸಿದ, ಅವ ಇರುವವರೆಗೆ ಆ ಮದುವೆ ಆಗ್ಲೇ ಇಲ್ಲ. 1506 ಜನವರಿಯಲ್ಲಿ ಬಿರುಗಾಳಿಗೆ ಸಿಕ್ಕಿ ಫಿಲಿಪನ ಹಡಗು ಇಂಗ್ಲೆಂಡಿನ ದಡಕ್ಕೆ ಬಂದದ್ದು ಬರೀ ಅದೃಷ್ಟ. ಆ ಅದೃಷ್ಟದಲ್ಲಿ ಅವ ಕೇಳಿ ಪಡೆದದ್ದು ನೋಡು: ಯಾರ್ಕ್ ವಂಶದ ಆಗಿನ ದೊಡ್ಡ ಹಕ್ಕುದಾರ ಸಫೋಕಿನ ಎಡ್ಮಂಡ್ ಡಿ ಲಾ ಪೋಲ್. ಫಿಲಿಪ್ ಅದೇ ಸೆಪ್ಟೆಂಬರಲ್ಲಿ ಸತ್ತ, ಅಕ್ಕ ಹೇಳಿದ ವ್ಯಾಪಾರ ಒಪ್ಪಂದ ಬಿದ್ದುಹೋಯ್ತು, ಎಡ್ಮಂಡ್ ಮಾತ್ರ ಲಂಡನ್ ಟವರಿನ ಸೆರೆಯಲ್ಲಿ ಉಳಿದ. ಕಾಂಬ್ರೆ ಕೂಟಕ್ಕೆ ಹೆಚ್ಚು ಹೆದರಬೇಡ, ಅದರ ಗುರಿ ವೆನಿಸ್. ಇವನನ್ನು ಸೇರಿಸದೇ ಇದ್ದದ್ದು ಮರ್ಯಾದೆಗೆ ಕಡಿಮೆ ಹೌದು, ಆದ್ರೆ ಗದ್ದುಗೆಗೆ ಅಪಾಯ ಇರಲಿಲ್ಲ.

1603 ಸೇರಿಸಬೇಡ. 1502ರಲ್ಲಿ ಸ್ಕಾಟ್ಲೆಂಡ್ ಜೊತೆ ಮಾಡಿದ "ಶಾಶ್ವತ ಶಾಂತಿ" ಬಾಳಿದ್ದು 11 ವರ್ಷ, 1513 ಸೆಪ್ಟೆಂಬರ್ 9ಕ್ಕೆ ಫ್ಲಾಡನಲ್ಲಿ ಅದೇ ಅಳಿಯ ಜೇಮ್ಸ್ ಇಂಗ್ಲಿಷರ ಎದುರು ಹೋರಾಡಿ ಸತ್ತ. ಎಂಟನೇ ಹೆನ್ರಿಯ ಮೂರು ಮಕ್ಕಳಿಗೂ ಸಂತಾನ ಇಲ್ಲದೆ ಹೋದದ್ದರಿಂದ ಕಿರೀಟ ಮಾರ್ಗರೆಟಳ ಮರಿಮಗನಿಗೆ ಹೋಯ್ತು, 1503ರಲ್ಲಿ ಮಗಳನ್ನು ಕಳಿಸಿಕೊಡುವಾಗ ಯಾರೂ ಅದನ್ನು ಲೆಕ್ಕ ಹಾಕ್ಲಿಕ್ಕೆ ಸಾಧ್ಯ ಇರಲಿಲ್ಲ. ಅವನ ಕಾಲದಲ್ಲಿ ಉತ್ತರದ ಗಡಿ ತಣ್ಣಗಾಯ್ತು, ಆ ಕಡೆಯಿಂದ ಇನ್ನೊಬ್ಬ ವಾರ್ಬೆಕ್ ಬರಲಿಲ್ಲ ಅಂತ ಬರಿ, ಅಷ್ಟಕ್ಕೆ ಆಧಾರ ಉಂಟು.