ಭಾನುವಾರದ ಪ್ರಶ್ನೋತ್ತರ: ಮೈಬಣ್ಣ, ಮನಸ್ಸು ಮತ್ತು ಬಾಣಂತಿಯ ನಿದ್ದೆ

ನಿರ್ವಾಹಕಿ: ಎಲ್ಲರಿಗೂ ನಮಸ್ಕಾರ. ಇಂದು ಬೆಳಿಗ್ಗೆ 10 ಗಂಟೆಯಿಂದ ರಾಯಚೂರಿನ ಮನೋವೈದ್ಯೆಯೊಬ್ಬರು ನಮ್ಮ ಗುಂಪಿನ ಸದಸ್ಯರ ಪ್ರಶ್ನೆಗಳಿಗೆ ಉತ್ತರಿಸಲಿದ್ದಾರೆ. ಯಾರೂ ಹೆಸರು ಬರೆಯಬೇಕಾಗಿಲ್ಲ, ಊರು ತಿಳಿಸಿದರೆ ಸಾಕು. ಹೊಸ ಪ್ರಶ್ನೆ ಹಾಕುವ ಮೊದಲು ಮೇಲಿನ ಉತ್ತರಗಳನ್ನು ಓದಿಕೊಳ್ಳಬೇಕೆಂದು ವಿನಂತಿಸುತ್ತೇನೆ.

ಮಾನ್ವಿಯ ತಾಯಿ: ನಮಸ್ಕಾರ ಮೇಡಂ. ನನ್ನ ಮಗಳಿಗೆ 21 ವರ್ಷ. ಅವಳನ್ನು ನೋಡಲು ಬಂದ ಎರಡು ಮನೆಯವರೂ ಚಹಾ ಕುಡಿದು ಹೋದ ಮೇಲೆ, ಹುಡುಗಿಯ ಬಣ್ಣ ಸ್ವಲ್ಪ ಕಡಿಮೆಯಾಯಿತು ಎಂದು ಫೋನಿನಲ್ಲಿ ಹೇಳಿಸಿದರು. ಅಂದಿನಿಂದ ಅವಳು ಔಷಧಿ ಅಂಗಡಿಯಿಂದ ಒಂದು ಟ್ಯೂಬು ತಂದು ಹಚ್ಚಿಕೊಳ್ಳುತ್ತಿದ್ದಾಳೆ. ಮೊದಲ ತಿಂಗಳು ಮುಖ ಬೆಳ್ಳಗಾಯಿತು. ಈಗ ಒಂದು ದಿನ ಹಚ್ಚದಿದ್ದರೂ ಕೆಂಪಾಗಿ ಉರಿಯುತ್ತದೆ, ಗಲ್ಲದ ಮೇಲೆ ಮೊಡವೆ ತುಂಬಿವೆ. ಕಾಲೇಜಿಗೆ ಹೋಗುವುದನ್ನು ಬಿಟ್ಟು ಕನ್ನಡಿಯ ಮುಂದೆಯೇ ಕೂಡುತ್ತಾಳೆ. ಇದಕ್ಕಿಂತ ಒಳ್ಳೆಯ ಕ್ರೀಮ್ ಯಾವುದು?

ವೈದ್ಯೆ: ಟ್ಯೂಬಿನ ಮೇಲೆ ಸಣ್ಣ ಅಕ್ಷರಗಳಲ್ಲಿ ಬೆಟಾಮೆಥಸೋನ್, ಮೊಮೆಟಸೋನ್ ಅಥವಾ ಕ್ಲೋಬೆಟಸಾಲ್ ಎಂಬ ಹೆಸರಿದೆಯೇ ನೋಡಿ. ಇವು ಸ್ಟೀರಾಯ್ಡ್‌ಗಳು. ಇಸುಬಿನಂತಹ ಚರ್ಮರೋಗಗಳಿಗೆ ವೈದ್ಯರು ಕೆಲವೇ ದಿನಗಳ ಮಟ್ಟಿಗೆ ಬರೆದುಕೊಡುವ ಔಷಧಿಗಳನ್ನು ನಮ್ಮಲ್ಲಿ ಬಿಳುಪಿನ ಕ್ರೀಮ್ ಎಂದು ತಿಂಗಳುಗಟ್ಟಲೆ ಹಚ್ಚುತ್ತಾರೆ. ಚರ್ಮ ತೆಳುವಾಗಿ, ಕೆಂಪು ನರಗಳು ಕಾಣಿಸಿಕೊಂಡು, ಮೊಡವೆಯೂ ಕೂದಲೂ ಹೆಚ್ಚುತ್ತವೆ; ನಿಲ್ಲಿಸಿದೊಡನೆ ಮುಖ ಉರಿಯುವುದರಿಂದ, ಕ್ರೀಮ್ ಇಲ್ಲದೆ ಆಗುವುದೇ ಇಲ್ಲವೆಂದು ಹುಡುಗಿ ನಂಬುತ್ತಾಳೆ. ಚೀಟಿಯಿಲ್ಲದೆ ಇದನ್ನು ಮಾರುವಂತಿಲ್ಲ ಎಂಬ ನಿಯಮವಿದೆ, ಮಾರುತ್ತಿದ್ದಾರೆ. ಬೇರೆ ಕ್ರೀಮ್ ಕೇಳಬೇಡಿ. ಚರ್ಮವೈದ್ಯರಲ್ಲಿಗೆ ಟ್ಯೂಬನ್ನೂ ಹಿಡಿದುಕೊಂಡು ಹೋಗಿ, ಹೇಗೆ ಬಿಡಿಸಬೇಕೆಂಬುದನ್ನು ಅವರು ಹೇಳುತ್ತಾರೆ.

ನನ್ನ ಕೆಲಸ ಬೇರೆ. ಅವಳು ಕನ್ನಡಿಯ ಮುಂದೆ ದಿನಕ್ಕೆ ಎಷ್ಟು ಹೊತ್ತು ಕಳೆಯುತ್ತಾಳೆ, ಊಟ ನಿದ್ದೆ ಹೇಗಿವೆ, ಗೆಳತಿಯರು ಬಂದರೆ ಎದುರಿಗೆ ಬರುತ್ತಾಳೆಯೇ ಎಂಬುದನ್ನು ಗಮನಿಸಿ. ರೂಪದ ಚಿಂತೆಯೊಂದೇ ದಿನದ ಗಂಟೆಗಳನ್ನು ನುಂಗುತ್ತಿದ್ದರೆ, ಮನೆ ಬಿಟ್ಟು ಹೊರಗೆ ಹೋಗಲು ಬಿಡದಿದ್ದರೆ, ಅದು ಗೀಳಿನ ಜಾತಿಗೆ ಸೇರಿದ ಕಾಯಿಲೆಯಾಗಿರಬಹುದು. ಅದಕ್ಕೆ ಮಾತಿನ ಚಿಕಿತ್ಸೆಯೂ ಮಾತ್ರೆಯೂ ಇವೆ. ಹೆಣ್ಣು ನೋಡಲು ಬಂದವರ ಬಾಯಿಗೆ ಮಾತ್ರ ನನ್ನಲ್ಲಿ ಔಷಧಿಯಿಲ್ಲ.

ಲಿಂಗಸುಗೂರಿನ ಸದಸ್ಯ: ಎಲ್ಲರಿಗೂ ಉಪಯೋಗವಾಗಲೆಂದು ಬೇರೆ ಗುಂಪಿನಲ್ಲಿ ಬಂದದ್ದನ್ನು ಹಾಕುತ್ತಿದ್ದೇನೆ. ನಿಂಬೆ ರಸದಲ್ಲಿ ಅಡುಗೆ ಸೋಡಾ ಕಲಸಿ ರಾತ್ರಿ ಮುಖಕ್ಕೆ ಹಚ್ಚಿದರೆ ಏಳು ದಿನಗಳಲ್ಲಿ ಬಣ್ಣ ತಿಳಿಯಾಗುತ್ತದೆ. ಹತ್ತು ಜನರಿಗೆ ಕಳುಹಿಸಿ.

ವೈದ್ಯೆ: ಯಾರಿಗೂ ಕಳುಹಿಸಬೇಡಿ. ನಿಂಬೆ ರಸ ಹಚ್ಚಿದ ಚರ್ಮ ನಮ್ಮ ಬಿಸಿಲಿಗೆ ಸುಟ್ಟು ಕಪ್ಪಾಗುತ್ತದೆ.

ಸಿಂಧನೂರು ತಾಲ್ಲೂಕಿನ ಸದಸ್ಯೆ: ಮೇಡಂ, ನನ್ನ ತಂಗಿಗೆ ಚೊಚ್ಚಲ ಹೆರಿಗೆಯಾಗಿ ಇಂದಿಗೆ 12 ದಿನ. ನಮ್ಮ ಮನೆಯಲ್ಲಿಯೇ ಬಾಣಂತನ ನಡೆಯುತ್ತಿದೆ. ಹೊಟ್ಟೆ ಇಳಿದಿಲ್ಲ, ಮುಖದ ಮೇಲೆ ಕಪ್ಪು ಕಲೆಯಾಗಿದೆ ಎಂದು ಅಳುತ್ತಿದ್ದಳು. ಕೂಸನ್ನು ನೋಡಲು ಬಂದ ಹೆಂಗಸರೂ ಅದನ್ನೇ ಆಡಿಕೊಂಡರು. ಅದರಿಂದ ಬೇಸರವಾಗಿದೆಯೆಂದು ನಾವು ಸುಮ್ಮನಿದ್ದೆವು. ನಾಲ್ಕು ರಾತ್ರಿಗಳಿಂದ ಅವಳು ಮಲಗಿಲ್ಲ, ಕೂಸು ಮಲಗಿದಾಗಲೂ ಕಣ್ಣು ಬಿಟ್ಟುಕೊಂಡು ಕೂತಿರುತ್ತಾಳೆ. ನಿನ್ನೆಯಿಂದ, ಆಸ್ಪತ್ರೆಯಲ್ಲಿ ಕೂಸನ್ನು ಬದಲಾಯಿಸಿದ್ದಾರೆ, ಇದು ನನ್ನದಲ್ಲ ಎನ್ನುತ್ತಿದ್ದಾಳೆ. ಹೊಟ್ಟೆ ಇಳಿಯಲು ಯಾವ ಪಟ್ಟಿ ಕಟ್ಟಬೇಕು, ಅವಳಿಗೆ ಧೈರ್ಯ ಬರಲು ಏನು ಹೇಳಬೇಕು ತಿಳಿಸಿ.

ವೈದ್ಯೆ: ಹೊಟ್ಟೆಯ ಪಟ್ಟಿಯನ್ನು ಮರೆತುಬಿಡಿ. ಉಳಿದವರ ಪ್ರಶ್ನೆಗಳು ಕಾಯಲಿ, ಇದನ್ನು ಮೊದಲು ಬರೆಯುತ್ತೇನೆ.

ಹೆರಿಗೆಯಾದ ಎರಡು ಮೂರು ದಿನಗಳಿಗೆ ಬಾಣಂತಿಗೆ ಸುಮ್ಮಸುಮ್ಮನೆ ಅಳು ಬರುವುದುಂಟು. ಅರ್ಧಕ್ಕಿಂತ ಹೆಚ್ಚು ಬಾಣಂತಿಯರಲ್ಲಿ ಇದು ಕಾಣಿಸುತ್ತದೆ, ಎರಡು ವಾರಗಳೊಳಗೆ ತಾನಾಗಿ ಇಳಿಯುತ್ತದೆ. ಎರಡನೆಯದು ಬಾಣಂತಿಯ ಖಿನ್ನತೆ. ಅದು ಎರಡು ವಾರ ಕಳೆದರೂ ಹೋಗದೆ, ಕೂಸಿನ ಮೇಲೆ ಅಕ್ಕರೆ ಹುಟ್ಟದೆ, ತಾನು ಕೆಟ್ಟ ತಾಯಿಯೆಂಬ ಕೊರಗಾಗಿ ಬೆಳೆಯುತ್ತದೆ. ನೀವು ಬರೆದಿರುವುದು ಇವೆರಡೂ ಅಲ್ಲದ ಮೂರನೆಯದಿರಬಹುದೆಂದು ನನಗೆ ಭಯವಾಗುತ್ತಿದೆ. ಸಾವಿರ ಹೆರಿಗೆಗಳಲ್ಲಿ ಒಬ್ಬಿಬ್ಬರಿಗೆ, ಹೆಚ್ಚಾಗಿ ಮೊದಲ ಎರಡು ವಾರಗಳಲ್ಲಿಯೇ, ಹೆರಿಗೆಯ ನಂತರದ ಚಿತ್ತವಿಕಾರ ಬರುತ್ತದೆ. ಅದರ ಮೊದಲ ಗುರುತು ಅಳುವಲ್ಲ, ಕೂಸು ಮಲಗಿದಾಗಲೂ ತಾಯಿಗೆ ನಿದ್ದೆ ಹತ್ತದಿರುವುದು. ಆಮೇಲೆ ಅನುಮಾನ, ಗಲಿಬಿಲಿ, ಯಾರೋ ಮಾತನಾಡಿದಂತೆ ಕೇಳುವುದು, ಕೂಸು ತನ್ನದಲ್ಲ ಅಥವಾ ಕೂಸಿಗೆ ಯಾರೋ ಕೇಡು ಮಾಡುತ್ತಾರೆ ಎಂಬ ನಂಬಿಕೆ ಬರುತ್ತವೆ. ಬೆಳಿಗ್ಗೆ ಸರಿಯಾಗಿ ಮಾತನಾಡಿದವಳು ಸಂಜೆಗೆ ಬೇರೆಯವಳಂತೆ ಕಾಣುವುದರಿಂದ, ಮನೆಯವರು ಗುಣವಾಯಿತೆಂದು ಮೋಸ ಹೋಗುತ್ತಾರೆ. ತಾಯಿಯ ಜೀವಕ್ಕೂ ಕೂಸಿನ ಜೀವಕ್ಕೂ ಅಪಾಯವಿರುವ ತುರ್ತು ಸ್ಥಿತಿಯಿದು. ನಾಳೆ ಸೋಮವಾರ ನೋಡೋಣ ಎನ್ನುವ ಮಾತಿಲ್ಲ, ಇಂದೇ ಆಸ್ಪತ್ರೆ ಸೇರಬೇಕು.

108ಕ್ಕೆ ಕರೆ ಮಾಡಿ ಸಿಂಧನೂರಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ಅಲ್ಲಿ ಜ್ವರ ಮತ್ತು ರಕ್ತದೊತ್ತಡ ನೋಡಿಸಿ, ತೀವ್ರ ತಲೆನೋವೋ ಫಿಟ್ಸೋ ಇದ್ದರೆ ತಪ್ಪದೆ ತಿಳಿಸಿ. ನಂಜು ಏರಿದ್ದರೂ, ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದರೂ ಬಾಣಂತಿ ಹೀಗೆಯೇ ತಪ್ಪು ತಪ್ಪು ಮಾತನಾಡಬಹುದು. ಅಲ್ಲಿಂದ ರಾಯಚೂರಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಾದ ರಿಮ್ಸ್‌ಗೆ ಕಳುಹಿಸಲು ಕೇಳಿ. ಹೊರಡುವವರೆಗೆ ಅವಳನ್ನು ಒಂಟಿಯಾಗಿ ಬಿಡಬೇಡಿ, ಅವಳೊಬ್ಬಳ ಬಳಿಯಲ್ಲಿ ಕೂಸನ್ನೂ ಬಿಡಬೇಡಿ. ಆದರೆ ಕೂಸನ್ನು ಕಿತ್ತುಕೊಂಡಂತೆ ಅವಳಿಗೆ ಅನ್ನಿಸಬಾರದು, ಯಾರಾದರೂ ಪಕ್ಕದಲ್ಲಿ ಕುಳಿತು ಹಾಲು ಕುಡಿಸಲಿ. ಕೂಸು ನಿನ್ನದೇ ಎಂದು ವಾದಿಸಬೇಡಿ, ಹೌದೆಂದೂ ತಲೆಯಾಡಿಸಬೇಡಿ. ನಿನಗೆ ನಿದ್ದೆಯಿಲ್ಲ, ನಿದ್ದೆ ಬರಿಸುವವರ ಹತ್ತಿರ ಹೋಗೋಣ ಎನ್ನಿ. ಹಿಂದೆ ಅವಳಿಗಾಗಲಿ ಮನೆತನದಲ್ಲಿ ಯಾರಿಗಾಗಲಿ ಮನಸ್ಸಿನ ಕಾಯಿಲೆ ಬಂದಿತ್ತೇ ಎಂಬುದನ್ನು ವೈದ್ಯರಿಗೆ ಮುಚ್ಚಿಡಬೇಡಿ, ಸಂಬಂಧ ಕೆಡುತ್ತದೆಂದು ಬಹಳ ಜನ ಮುಚ್ಚಿಡುತ್ತಾರೆ. ಇದು ಚಿಕಿತ್ಸೆಯಿಂದ ಚೆನ್ನಾಗಿ ಗುಣವಾಗುವ ಕಾಯಿಲೆ. ಹೊರಟ ಮೇಲೆ ಇಲ್ಲಿ ಒಂದು ಸಾಲು ಬರೆಯಿರಿ.

ಲಿಂಗಸುಗೂರಿನ ಸದಸ್ಯ: ತಪ್ಪು ತಿಳಿಯಬೇಡಿ. ಬಾಣಂತಿಗೆ ಗಾಳಿ ಸೋಕಿರುವ ಲಕ್ಷಣ ಇದು. ಮೊದಲು ಒಂದು ತಾಯಿತ ಕಟ್ಟಿಸಿ, ಅಮಾವಾಸ್ಯೆ ಕಳೆದ ಮೇಲೆ ಆಸ್ಪತ್ರೆಗೆ ಹೋಗಬಹುದು.

ವೈದ್ಯೆ: ಅಣ್ಣನವರೇ, ತಾಯಿತವನ್ನು ಆಸ್ಪತ್ರೆಯ ಮಂಚದ ಮೇಲೆ ಕಟ್ಟಲಿ, ನನ್ನ ಅಡ್ಡಿಯಿಲ್ಲ. ಅಮಾವಾಸ್ಯೆಯವರೆಗೆ ಕಾಯಿರಿ ಎಂದು ಇನ್ನೊಮ್ಮೆ ಬರೆಯಬೇಡಿ.

ರಾಯಚೂರಿನ ಹಿರಿಯ ಸದಸ್ಯೆ: ನಾವು ಆರು ಹೆತ್ತೆವು, ಯಾರಿಗೂ ಈ ಖಿನ್ನತೆ ಬರಲಿಲ್ಲ. ಈಗಿನವರು ಪಥ್ಯ ಮಾಡುವುದಿಲ್ಲ. ಕಿವಿಗೆ ಹತ್ತಿಯಿಲ್ಲ, ಹೊಟ್ಟೆಗೆ ಬಟ್ಟೆಯಿಲ್ಲ, ಚೊಂಬುಗಟ್ಟಲೆ ನೀರು ಕುಡಿಯುತ್ತಾರೆ. ಬಾಣಂತಿ ನೀರು ಕುಡಿದರೆ ಹೊಟ್ಟೆ ಜೋಲು ಬೀಳುತ್ತದೆ.

ದೇವದುರ್ಗದ ಶಿಕ್ಷಕಿ: ಅತ್ತೆಯವರೇ, ಬರಲಿಲ್ಲ ಎನ್ನುವುದಕ್ಕಿಂತ ಯಾರೂ ಕೇಳಲಿಲ್ಲ ಎನ್ನುವುದು ಸರಿ. ನನ್ನ ಅಜ್ಜಿಯ ತಂಗಿ ಬಾಣಂತಿಯಾಗಿದ್ದಾಗ ಬಾವಿಗೆ ಬಿದ್ದು ತೀರಿಕೊಂಡರು. ಕಾಲು ಜಾರಿತೆಂದು ಮನೆಯಲ್ಲಿ ಹೇಳುತ್ತಾರೆ. ರಾತ್ರಿ ಎರಡು ಗಂಟೆಗೆ ಬಾವಿಯ ಹತ್ತಿರ ಏಕೆ ಹೋದರೆಂದು ಇಂದಿಗೂ ಯಾರೂ ಹೇಳುವುದಿಲ್ಲ.

ರಾಯಚೂರಿನ ಹಿರಿಯ ಸದಸ್ಯೆ: ಸತ್ತವರ ಸುದ್ದಿಯನ್ನು ಗುಂಪಿನಲ್ಲಿ ಎತ್ತುವುದು ಶೋಭಿಸುವುದಿಲ್ಲ. ನಾಲ್ಕು ಅಕ್ಷರ ಕಲಿತವರು ದೊಡ್ಡವರಿಗೆ ಬುದ್ಧಿ ಹೇಳುವ ಕಾಲ ಬಂದಿದೆ.

ವೈದ್ಯೆ: ಹಿರಿಯರಲ್ಲಿ ನನ್ನ ವಿನಂತಿ. ಕಿವಿಗೆ ಹತ್ತಿ, ಎಣ್ಣೆ ನೀರು, ಬಿಸಿ ರೊಟ್ಟಿ, ಇವುಗಳ ತಂಟೆಗೆ ನಾನು ಬರುವುದಿಲ್ಲ. ಬಾಣಂತಿಗೆ ನಲವತ್ತು ದಿನ ವಿಶ್ರಾಂತಿ ಕೊಡುವ ಪದ್ಧತಿಯನ್ನು ನಾನು ಗೌರವಿಸುತ್ತೇನೆ. ನೀರು ಬಿಗಿ ಹಿಡಿಯುವುದನ್ನು ಮಾತ್ರ ಒಪ್ಪಲಾರೆ. ಹೆರಿಗೆಯ ನಂತರದ ವಾರಗಳಲ್ಲಿ ರಕ್ತ ಸಹಜವಾಗಿಯೇ ಬೇಗ ಹೆಪ್ಪುಗಟ್ಟುತ್ತದೆ. 40 ಡಿಗ್ರಿ ದಾಟುವ ರಾಯಚೂರಿನ ಬೇಸಿಗೆಯಲ್ಲಿ, ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ, ಮೈಯಲ್ಲಿ ನೀರಿಲ್ಲದಂತೆ ಕೂಡಿಸಿದರೆ ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ. ಹೊಟ್ಟೆ ಜೋಲು ಬೀಳುವುದಕ್ಕೂ ನೀರಿಗೂ ಸಂಬಂಧವಿಲ್ಲ. ಒಂಬತ್ತು ತಿಂಗಳು ಹಿಗ್ಗಿದ ಹೊಟ್ಟೆ ಹನ್ನೆರಡು ದಿನಕ್ಕೆ ಇಳಿಯಬೇಕೆಂದು ಬಯಸುವವರಿಗೆ ಏನು ಹೇಳಲಿ?

ಸಿಂಧನೂರು ತಾಲ್ಲೂಕಿನ ಸದಸ್ಯೆಯವರೇ, ಹೊರಟಿರಾ?

ಸಿರವಾರದ ಸದಸ್ಯೆ: ಮೇಡಂ, ನಾನೂ ಒಂದು ಬಿಳುಪಿನ ಕ್ರೀಮ್ ಬಳಸುತ್ತಿದ್ದೇನೆ. ಅದರಿಂದ ತೊಂದರೆಯಿದೆಯೇ?

ವೈದ್ಯೆ: ಮಾನ್ವಿಯವರಿಗೆ ಬರೆದದ್ದನ್ನು ಓದಿ.

ಮಸ್ಕಿಯ ಸದಸ್ಯೆ: ನನ್ನ ನಾದಿನಿಗೆ ಮುಂದಿನ ತಿಂಗಳು ಮದುವೆ. ಬಹಳ ತೆಳ್ಳಗಿದ್ದಾಳೆಂದು ಊರಿನ ಆರ್‌ಎಂಪಿ (ಡಿಗ್ರಿಯಿಲ್ಲದ ಡಾಕ್ಟರ್) ಕೊಟ್ಟ ದಪ್ಪವಾಗುವ ಮಾತ್ರೆಗಳನ್ನು ಎರಡು ತಿಂಗಳಿಂದ ನುಂಗುತ್ತಿದ್ದಾಳೆ. ಗಲ್ಲ ತುಂಬಿಕೊಂಡಿವೆ, ಆದರೆ ಕೈಕಾಲು ಸೋಲುತ್ತವೆ, ವಿನಾಕಾರಣ ಸಿಟ್ಟಾಗುತ್ತಾಳೆ. ಮಾತ್ರೆಗಳನ್ನು ಇಂದೇ ನಿಲ್ಲಿಸಲೇ?

ವೈದ್ಯೆ: ನಿಲ್ಲಿಸಬೇಡಿ, ಮೊದಲು ಮಾತ್ರೆಯ ಪಟ್ಟಿಯ ಹಿಂದಿನ ಹೆಸರು ಓದಿ. ಡೆಕ್ಸಾಮೆಥಸೋನ್ ಅಥವಾ ಬೆಟಾಮೆಥಸೋನ್ ಇದ್ದರೆ ಅವೂ ಸ್ಟೀರಾಯ್ಡ್‌ಗಳೇ. ತುಂಬಿಕೊಂಡ ಗಲ್ಲ ಆರೋಗ್ಯವಲ್ಲ, ಔಷಧಿಯ ಬಾವು. ಸಿಟ್ಟು, ನಿದ್ದೆಗೇಡು, ಸ್ನಾಯುಗಳ ಸೋಲು ಅದರ ಜೊತೆಗೇ ಬರುತ್ತವೆ. ವಾರಗಟ್ಟಲೆ ನುಂಗಿದವರ ದೇಹ ತನ್ನ ಸ್ವಂತ ಸ್ಟೀರಾಯ್ಡ್ ತಯಾರಿಸುವುದನ್ನು ನಿಲ್ಲಿಸಿರುತ್ತದೆ. ಒಮ್ಮೆಲೇ ಬಿಟ್ಟರೆ ರಕ್ತದೊತ್ತಡ ಕುಸಿದು ಜೀವಕ್ಕೆ ಮುಳುವಾಗಬಹುದು. ನಾಳೆಯೇ ಫಿಜಿಷಿಯನ್ ಬಳಿ ಹೋಗಿ, ಹಂತಹಂತವಾಗಿ ಇಳಿಸಿಸಿ. ಒಬ್ಬಳು ಕಪ್ಪೆಂದು ಮುಖಕ್ಕೆ ಹಚ್ಚುತ್ತಾಳೆ, ಇನ್ನೊಬ್ಬಳು ತೆಳ್ಳಗೆಂದು ಬಾಯಿಗೆ ಹಾಕಿಕೊಳ್ಳುತ್ತಾಳೆ. ಔಷಧಿ ಮಾತ್ರ ಒಂದೇ.

ಹಟ್ಟಿಯ ಸದಸ್ಯೆ: ನನಗೆ 39 ವರ್ಷ. ಬಿಳಿ ಸೆರಗು ಮತ್ತು ಸೊಂಟನೋವಿಗೆ ಗರ್ಭಕೋಶ ತೆಗೆಸಿಕೊಳ್ಳಲು ಹೇಳಿದ್ದರಿಂದ ಹೋದ ವರ್ಷ ತೆಗೆಸಿದೆ. ಅಂದಿನಿಂದ ಮೈ ಬಿಸಿಯೇರುತ್ತದೆ, ನಿದ್ದೆಯಿಲ್ಲ, ಅಳು ಬರುತ್ತದೆ. ಇನ್ನು ನಾನು ಹೆಂಗಸೇ ಅಲ್ಲವೆಂಬಂತೆ ಯಜಮಾನರು ನಡೆದುಕೊಳ್ಳುತ್ತಾರೆ. ಇದನ್ನು ಯಾರ ಮುಂದೆ ಹೇಳಬೇಕೋ ತಿಳಿಯದೆ ಇಲ್ಲಿ ಬರೆದಿದ್ದೇನೆ.

ಲಿಂಗಸುಗೂರಿನ ಸದಸ್ಯ: ಇಂಥ ವಿಷಯಗಳನ್ನು ಗಂಡಸರೂ ಇರುವ ಗುಂಪಿನಲ್ಲಿ ಬರೆಯಬಾರದು. ಈ ಮಾನಸಿಕ ರೋಗಗಳೆಲ್ಲ ಬೆಂಗಳೂರಿನವರ ಫ್ಯಾಷನ್. ನಮ್ಮ ಕಡೆ ಹೊಲದಲ್ಲಿ ದುಡಿಯುವ ಹೆಂಗಸರಿಗೆ ಇವುಗಳಿಗೆ ಪುರುಸೊತ್ತಿಲ್ಲ.

ದೇವದುರ್ಗದ ಶಿಕ್ಷಕಿ: ಗಂಡಸರು ಬೇಕಾದರೆ ಗುಂಪು ಬಿಡಲಿ, ಹಟ್ಟಿಯ ಅಕ್ಕ ಏಕೆ ಬಾಯಿ ಮುಚ್ಚಬೇಕು? ಬಣ್ಣ ತಿಳಿಯಾಗುವ ಉಪಾಯವನ್ನು ಹೆಂಗಸರಿಗೆ ಹೇಳಿಕೊಡುವಾಗ ನಿಮಗೆ ಸಂಕೋಚವಾಗಲಿಲ್ಲ.

ಲಿಂಗಸುಗೂರಿನ ಸದಸ್ಯ: ಶಿಕ್ಷಕಿಯಾದವರು ಮಾತಿನಲ್ಲಿ ಹಿಡಿತವಿಟ್ಟುಕೊಳ್ಳಬೇಕು.

ವೈದ್ಯೆ: ಬೆಂಗಳೂರಿನ ಫ್ಯಾಷನ್ ಎಂದಿರಿ. ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೇ ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಕೊಡಬಹುದೇ ಎಂಬುದನ್ನು ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆಯಾದ ನಿಮ್ಹಾನ್ಸ್‌ನವರು 1985ರಿಂದ ಪ್ರಯೋಗ ಮಾಡಿ ನೋಡಿದ್ದು ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ. 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಇಡೀ ದೇಶಕ್ಕೆ ರೂಪಿಸಿದಾಗ ಇಟ್ಟುಕೊಂಡ ಮಾದರಿ ಅದೇ ಬಳ್ಳಾರಿಯದು. ಆ ಕೇಂದ್ರಗಳಿಗೆ ಬಂದ ರೋಗಿಗಳು ಹೊಲದಿಂದಲೇ ಬಂದವರು. ಪುರುಸೊತ್ತು ಸಿಕ್ಕಿತೆಂದು ಯಾರಿಗೂ ಈ ಕಾಯಿಲೆ ಬರುವುದಿಲ್ಲ. ಇನ್ನು ಇದರ ಮೇಲೆ ವಾದ ಬೇಡ.

ಕವಿತಾಳದ ಸದಸ್ಯೆ: ಹೆರಿಗೆಯಾಗಿ ನಾಲ್ಕು ತಿಂಗಳಾಯಿತು, ಬಾಚಿದಾಗಲೆಲ್ಲ ಹಿಡಿಹಿಡಿಯಾಗಿ ಕೂದಲು ಉದುರುತ್ತಿದೆ. ಬೋಳಾಗುತ್ತೇನೆಂಬ ಭಯದಿಂದ ನಿದ್ದೆ ಬರುತ್ತಿಲ್ಲ.

ವೈದ್ಯೆ: ಹೆರಿಗೆಯಾದ ಮೂರು ನಾಲ್ಕು ತಿಂಗಳಿಗೆ ಉದುರುವುದು ಸಹಜ, ಬಹುತೇಕ ವರ್ಷದೊಳಗೆ ಮರಳಿ ಬರುತ್ತದೆ. ರಕ್ತಹೀನತೆ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ 57% ಮಂದಿಗೆ ರಕ್ತ ಕಡಿಮೆಯಿತ್ತು. ಸುಸ್ತು, ಬೇಸರ, ಮರೆವು ಎಂದು ನನ್ನ ಬಳಿ ಬರುವವರಿಗೆ ನಾನು ಮೊದಲು ಬರೆಯುವುದು ಇವೇ ಎರಡು ಪರೀಕ್ಷೆಗಳನ್ನು.

ಲಿಂಗಸುಗೂರಿನ ಸದಸ್ಯ: ಕೂದಲಿಗೆ ಈರುಳ್ಳಿ ರಸ ಮತ್ತು ಸೀಮೆಎಣ್ಣೆ...

ವೈದ್ಯೆ: ನಿರ್ವಾಹಕಿಯವರೇ, ಇವರ ಸಂದೇಶಗಳನ್ನು ತಡೆಯಿರಿ, ಇಲ್ಲವೇ ನಾನು ಹೊರಡುತ್ತೇನೆ. ಹೆಂಗಸೊಬ್ಬಳು ತಲೆಯ ತುಂಬ ಸೀಮೆಎಣ್ಣೆ ಸುರಿದುಕೊಂಡು ಒಲೆಯ ಮುಂದೆ ಕೂಡುವುದನ್ನು ನೀವು ಊಹಿಸಿಯೂ ಇಲ್ಲ.

ನಿರ್ವಾಹಕಿ: ತಡೆದಿದ್ದೇನೆ ಮೇಡಂ, ಕ್ಷಮಿಸಿ.

ರಾಯಚೂರಿನ ಹಿರಿಯ ಸದಸ್ಯೆ: ಅವರು ಒಳ್ಳೆಯದಕ್ಕೇ ಹೇಳಿದರು. ಡಾಕ್ಟರರಿಗೆ ಇಷ್ಟು ಸಿಟ್ಟು ಇರಬಾರದು.

ಸಿರವಾರದ ಸದಸ್ಯೆ: ಓದಿದೆ ಮೇಡಂ. ನನ್ನ ಕ್ರೀಮ್‌ನಲ್ಲಿ ಮೊಮೆಟಸೋನ್ ಇದೆ. ಆದರೆ ನನಗೆ ಉರಿಯುತ್ತಿಲ್ಲ. ಮುಂದುವರಿಸಲೇ?

ವೈದ್ಯೆ: ಬೇಡ. ಚರ್ಮವೈದ್ಯರಿಗೆ ತೋರಿಸಿ.

ಸಿಂಧನೂರು ತಾಲ್ಲೂಕಿನ ಸದಸ್ಯೆಯವರೇ, ನಾಲ್ಕು ಗಂಟೆಯಾಯಿತು. ನೀವು ನನ್ನ ಉತ್ತರವನ್ನು ಓದಿದ್ದೀರೆಂದು ಇಲ್ಲಿ ಕಾಣಿಸುತ್ತಿದೆ. ಮನೆಯಲ್ಲಿ ಯಾರಾದರೂ ಅಡ್ಡ ಬರುತ್ತಿದ್ದರೆ 14416ಕ್ಕೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ಗೆ ಕರೆ ಮಾಡಿ; ಹಗಲು ರಾತ್ರಿ ಕನ್ನಡದಲ್ಲಿಯೇ ಮಾತನಾಡುತ್ತಾರೆ, ಹಣ ಕೊಡಬೇಕಾಗಿಲ್ಲ. ಅಡ್ಡ ಬರುವವರ ಕೈಗೇ ಫೋನ್ ಕೊಡಿ.

ಹಟ್ಟಿಯ ಸದಸ್ಯೆ: ಮೇಡಂ, ನನ್ನದನ್ನು ನೋಡಿದಿರಾ?

ದೇವದುರ್ಗದ ಶಿಕ್ಷಕಿ: ಅಕ್ಕ, ಅವರು ಆ ಬಾಣಂತಿಯ ಚಿಂತೆಯಲ್ಲಿದ್ದಾರೆ. ನಿಮಗೆ ಅಡ್ಡಿಯಿಲ್ಲದಿದ್ದರೆ ನನಗೆ ಪ್ರತ್ಯೇಕವಾಗಿ ಬರೆಯಿರಿ. ಲಿಂಗಸುಗೂರಿನ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುತ್ತಾರೆಯೇ ಎಂದು ವಿಚಾರಿಸಿ ಹೇಳುತ್ತೇನೆ, ಬೇಕಾದರೆ ಜೊತೆಗೂ ಬರುತ್ತೇನೆ.

ಸಿಂಧನೂರು ತಾಲ್ಲೂಕಿನ ಸದಸ್ಯೆ: ಕ್ಷಮಿಸಿ ಮೇಡಂ. ಮಾವನವರು ಬೇಡವೆಂದು ಮಧ್ಯಾಹ್ನದವರೆಗೆ ಜಗಳವಾಯಿತು. ಮೂರು ಗಂಟೆಗೆ ತಂಗಿ ಕೂಸನ್ನು ಎತ್ತಿಕೊಂಡು ಹಿತ್ತಲಿನ ಬಾಗಿಲು ತೆಗೆದಳು, ಆಗ ಅವರೇ 108ಕ್ಕೆ ಕರೆ ಮಾಡಿದರು. ಸಿಂಧನೂರಿನಲ್ಲಿ ನೋಡಿ ರಿಮ್ಸ್‌ಗೆ ಬರೆದುಕೊಟ್ಟಿದ್ದಾರೆ, ಹೊರಡುತ್ತಿದ್ದೇವೆ. ಕೂಸು ನನ್ನ ತೊಡೆಯ ಮೇಲಿದೆ. ಮಾತ್ರೆ ಕೊಟ್ಟರೆ ಹಾಲು ಬಿಡಿಸಬೇಕೇ?

ವೈದ್ಯೆ: ಅದನ್ನು ಅಲ್ಲಿಯ ವೈದ್ಯರು ಔಷಧಿ ನೋಡಿ ಹೇಳುತ್ತಾರೆ, ಹಾಲೂಡಿಸುತ್ತಲೇ ತೆಗೆದುಕೊಳ್ಳಬಹುದಾದ ಮಾತ್ರೆಗಳಿವೆ. ನೀವಾಗಿಯೇ ಹಾಲನ್ನೂ ಬಿಡಿಸಬೇಡಿ, ಮಾತ್ರೆಯನ್ನೂ ಬಿಡಿಸಬೇಡಿ. ತಾಯಿ ಕಾರ್ಡ್ ಮತ್ತು ಹೆರಿಗೆಯ ಚೀಟಿ ಕೈಯಲ್ಲಿರಲಿ. ತುರ್ತು ವಿಭಾಗದಲ್ಲಿ ಹೊಟ್ಟೆಯ ಸುದ್ದಿ, ಬೇಸರದ ಸುದ್ದಿ ಎತ್ತದೆ, ಹೆರಿಗೆಯಾಗಿ 12 ದಿನ, ನಾಲ್ಕು ರಾತ್ರಿ ನಿದ್ದೆಯಿಲ್ಲ, ಕೂಸು ತನ್ನದಲ್ಲ ಎನ್ನುತ್ತಾಳೆ ಎಂದು ಇದೇ ಕ್ರಮದಲ್ಲಿ ಹೇಳಿ. ದಾರಿಯಲ್ಲಿ ಅವಳಿಗೆ ನೀರು ಕುಡಿಸಿ.

ಸಿಂಧನೂರು ತಾಲ್ಲೂಕಿನ ಸದಸ್ಯೆ: ಆಯಿತು ಮೇಡಂ. ಬಾಟಲಿ ಇದೆ, ಕುಡಿಸುತ್ತೇನೆ.

ತುರ್ವಿಹಾಳದ ಸದಸ್ಯೆ: ಮೇಡಂ, ಈಗಷ್ಟೇ ಗುಂಪಿಗೆ ಸೇರಿದೆ. ಮುಖ ಬೆಳ್ಳಗಾಗಲು ಯಾವ ಕ್ರೀಮ್ ಒಳ್ಳೆಯದು?

ನಿರ್ವಾಹಕಿ: ಇಂದಿನ ಪ್ರಶ್ನೋತ್ತರ ಮುಗಿದಿದೆ. ಮೇಡಂ ರಿಮ್ಸ್‌ಗೆ ಫೋನ್ ಮಾಡುತ್ತಿದ್ದಾರೆ. ಹಟ್ಟಿಯವರ ಪ್ರಶ್ನೆಯನ್ನು ಬರೆದಿಟ್ಟುಕೊಂಡಿದ್ದೇನೆ.