ಪ್ರಶ್ನೋತ್ತರ: ಎಲ್‌ಸಿಯಲ್ಲಿ (ಕೇಳಿದ ದಾಖಲೆ ಸರಿಯಿದ್ದರೆ ಹಣ ಕೊಡ್ತೀವಿ ಅಂತ ಬ್ಯಾಂಕ್ ಬರೆದುಕೊಡೋ ಪತ್ರ) ಖರೀದಿದಾರರ ಸಹಿ ಕೇಳಿದ್ದಾರೆ, ಲೋಡ್ ಮಾಡಬಹುದಾ?

ರಫ್ತು ಡೆಸ್ಕ್: ಮೇಡಂ, ಎಲ್‌ಸಿಯ 46ಎಯಲ್ಲಿ (ಬೇಕಾದ ದಾಖಲೆಗಳ ಪಟ್ಟಿ) ಬ್ಯಾಂಕ್ ಹೀಗೆ ಬರೆದಿದೆ: ‘ಖರೀದಿದಾರರ ಪ್ರತಿನಿಧಿ ಸಹಿ ಮಾಡಿದ ತಪಾಸಣಾ ಪತ್ರ, ಸಹಿ ನಮ್ಮ ಬ್ಯಾಂಕಿನ ಕಡತದ ಮಾದರಿಗೆ ತಾಳೆಯಾಗಬೇಕು.’ ಮೂರು ಮೂಲ ಬಿ/ಎಲ್‌ಗಳಲ್ಲಿ (ಬಿಲ್ ಆಫ್ ಲೇಡಿಂಗ್, ಸರಕು ಬಿಡಿಸಿಕೊಳ್ಳೋ ಹಡಗು ಕಂಪನಿಯ ಪತ್ರ) ಒಂದನ್ನು ನೇರ ಖರೀದಿದಾರರಿಗೇ ಕೊರಿಯರ್ ಮಾಡಬೇಕಂತೆ. ಶಿಪ್‌ಮೆಂಟ್ ಗಡುವಿಗೆ 12 ದಿನ ಇದೆ.

ಸಲಹೆಗಾರ್ತಿ: ಲೋಡ್ ಮಾಡಬೇಡಿ. ಒಂದೊಂದು ಷರತ್ತೂ ಕೆಟ್ಟದ್ದೇ, ಎರಡೂ ಸೇರಿದರೆ ಬಲೆ. ಒಂದು ಮೂಲ ಬಿ/ಎಲ್ ತೋರಿಸಿದರೆ ಸರಕು ಬಿಡಿಸಿಕೊಳ್ಳಬಹುದು, ಉಳಿದೆರಡಕ್ಕೆ ಬೆಲೆ ಇಲ್ಲ. ಬಿ/ಎಲ್ ಬ್ಯಾಂಕಿನ ಆರ್ಡರ್‌ಗೆ (ಬ್ಯಾಂಕ್ ಹೇಳಿದವರಿಗೇ ಸರಕು ಅಂತ) ಇದ್ದರೆ ಬ್ಯಾಂಕಿನ ಎಂಡಾರ್ಸ್‌ಮೆಂಟ್ (ಹಿಂಬದಿಯ ಸಹಿ) ಬೇಕಾಗುತ್ತೆ, ಅಷ್ಟು ರಕ್ಷಣೆ. ಖರೀದಿದಾರರ ಹೆಸರಿಗೋ ಬ್ಲಾಂಕ್ ಎಂಡಾರ್ಸ್ (ಯಾರ ಹೆಸರೂ ಬರೆಯದೆ ಸಹಿ) ಆಗಿಯೋ ಇದ್ದರೆ ಅದೂ ಇಲ್ಲ. ಸರಕು ಒಯ್ದವನು ಸಹಿ ಹಾಕದೆ ಸುಮ್ಮನಿದ್ದರೆ? ಬ್ಯಾಂಕ್ ನೋಡೋದು ಕಾಗದ, ಸರಕಲ್ಲ (ಎಲ್‌ಸಿಗಳ ಅಂತರರಾಷ್ಟ್ರೀಯ ನಿಯಮ ಯುಸಿಪಿ 600, ವಿಧಿ 5). ‘ಮಾಲು ತಲುಪಿದೆಯಲ್ಲ’ ಅಂದರೆ ಕೇಳೋರಿಲ್ಲ. ಸಹಿ ಸಿಕ್ಕರೂ ಮಾದರಿಗೆ ಹೊಂದದಿದ್ದರೆ ಡಿಸ್ಕ್ರೆಪೆನ್ಸಿ (ದಾಖಲೆಯ ದೋಷ), ಆ ಮಾದರಿಯನ್ನ ನೀವು ನೋಡಿಯೇ ಇಲ್ಲ. ಕನ್ಫರ್ಮೇಶನ್ (ಇನ್ನೊಂದು ಬ್ಯಾಂಕಿನ ಪಾವತಿ ಭರವಸೆ) ಹಾಕಿಸಿದರೂ ಪ್ರಯೋಜನವಿಲ್ಲ, ಕನ್ಫರ್ಮ್ ಮಾಡಿದ ಬ್ಯಾಂಕೂ ಅದೇ ಪತ್ರ ಕೇಳುತ್ತೆ.

ಇವತ್ತೇ ತಿದ್ದುಪಡಿ ಕೇಳಿ: ಸ್ವತಂತ್ರ ತಪಾಸಣಾ ಸಂಸ್ಥೆಯ ಪತ್ರ ಸಾಕು, 3/3 ಬಿ/ಎಲ್ ಬ್ಯಾಂಕ್ ಮೂಲಕವೇ, 44ಸಿ ತಾರೀಕು (ಶಿಪ್‌ಮೆಂಟ್ ಗಡುವು) ಮುಂದಕ್ಕೆ. ಖರೀದಿದಾರ ‘ಓಕೆ’ ಅಂತ ಮೇಲ್ ಹಾಕಿದರೆ ಅದು ತಿದ್ದುಪಡಿ ಅಲ್ಲ. ಬ್ಯಾಂಕಿನಿಂದ ಎಂಟಿ 707 (ತಿದ್ದುಪಡಿಯ ಬ್ಯಾಂಕ್ ಸಂದೇಶ) ಬರಬೇಕು. ಬಂದದ್ದನ್ನ ಪೂರ್ತಿ ಓದಿ, ಒಂದೇ ತಿದ್ದುಪಡಿಯಲ್ಲಿ ಅರ್ಧ ಒಪ್ಪಿ ಅರ್ಧ ಬಿಡೋ ಹಾಗಿಲ್ಲ.

ಹೊಸಬ: ಶಿಪ್‌ಮೆಂಟ್ ಆದ ಮೇಲೆ ದಾಖಲೆ ಕೊಡೋಕೆ ಎಷ್ಟು ದಿನ?

ಸಲಹೆಗಾರ್ತಿ: ಎಲ್‌ಸಿಯ ಫೀಲ್ಡ್ 48 ನೋಡಿ. ಖಾಲಿ ಇದ್ದರೆ 21 ದಿನ, ಎಲ್‌ಸಿ ಅವಧಿಯೊಳಗೆ.

ಗೋದಾಮು: ಒಂದು ಫಾರ್ವರ್ಡ್ ಬಂತು: ‘ಗಡುವು ಮೀರಿದರೆ ಹಡಗಿನ ಏಜೆಂಟ್‌ಗೆ ಇಂಡೆಮ್ನಿಟಿ ಪತ್ರ (ನಷ್ಟ ಭರಿಸೋ ಮುಚ್ಚಳಿಕೆ) ಕೊಟ್ಟು ಆನ್‌ಬೋರ್ಡ್ ತಾರೀಕು (ಸರಕು ಹಡಗಿಗೆ ಏರಿದ ದಿನ) ಹಿಂದಕ್ಕೆ ಹಾಕಿಸಿ.’

ಸಲಹೆಗಾರ್ತಿ: ಮೂರನೇ ಸಲ ಈ ಫಾರ್ವರ್ಡ್! ಅದು ಖೋಟಾ ದಾಖಲೆ. ಸರಕಿನ ಜಗಳ ಬ್ಯಾಂಕಿಗೆ ತಟ್ಟೋಲ್ಲ, ಆದರೆ ವಂಚನೆ ಸಾಬೀತಾದರೆ ಕೋರ್ಟ್ ಪಾವತಿ ತಡೀಬಹುದು. ಹಡಗು ಯಾವತ್ತು ಹೊರಟಿತು ಅನ್ನೋದು ಬಂದರಿನ ದಾಖಲೆಯಲ್ಲೇ ಇರುತ್ತೆ. ಇಂಥದ್ದನ್ನ ಇಲ್ಲಿ ಹಾಕಬೇಡಿ.

ಲೆಕ್ಕಿಗ: ಪ್ರಮಾಣದಲ್ಲಿ 5% ಹೆಚ್ಚುಕಡಿಮೆ ನಡೆಯುತ್ತಲ್ವಾ?

ಗೋದಾಮು: ಚೀಲದಲ್ಲಿ ತುಂಬಿದ್ರೆ ಇಲ್ಲ.

ಲೆಕ್ಕಿಗ: ತುಂಬೋದಲ್ಲ ಸ್ವಾಮಿ, ಎಲ್‌ಸಿ ಚೀಲದ ಲೆಕ್ಕದಲ್ಲಿ ಬರೆದಿದೆಯಾ ಅನ್ನೋದು. 50 ಟನ್ ಅಂತಿದ್ದರೆ ಚೀಲದಲ್ಲಿದ್ದರೂ 5% ಇದೆ. ಯುಸಿಪಿಯ 30ನೇ ವಿಧಿ ಓದಿ.

ಗೋದಾಮು: ಓದಿದ್ದೀನಿ, ಪಾಠ ಬೇಡ. ‘ಸುಮಾರು’ ಅಂತಿದ್ದರೆ 10%, ಅದನ್ಯಾಕೆ ನುಂಗಿದ್ರಿ?

ಸಲಹೆಗಾರ್ತಿ: ಲೆಕ್ಕಿಗರು ಹೇಳಿದ್ದು ಸರಿ. ಆದರೆ ಆ 5% ಸೇರಿಸಿ ಕೇಳೋ ಒಟ್ಟು ಹಣ ಎಲ್‌ಸಿ ಮೊತ್ತ ಮೀರಬಾರದು.



ಹೊಸಬ: 21 ದಿನ ಬಿ/ಎಲ್ ತಾರೀಕಿನಿಂದಲಾ?

ಸಲಹೆಗಾರ್ತಿ: ಆನ್‌ಬೋರ್ಡ್ ತಾರೀಕಿನಿಂದ. ಮೇಲೆ ಹೇಳಿದ್ದನ್ನೇ ಎಷ್ಟು ಸಲ?

ರಫ್ತು ಡೆಸ್ಕ್: ಖರೀದಿದಾರ ‘ಮೊದಲು ಲೋಡ್ ಮಾಡಿ, 707 ಆಮೇಲೆ’ ಅಂತಿದ್ದಾನೆ.

ಸಲಹೆಗಾರ್ತಿ: ಬುಕಿಂಗ್ ಮುಂದಕ್ಕೆ ಹಾಕಿ. ಡೆಡ್ ಫ್ರೈಟ್ (ಬುಕ್ ಮಾಡಿ ಬಳಸದ ಜಾಗದ ಬಾಡಿಗೆ) ಕಟ್ಟಬೇಕಾಗಿ ಬಂದರೂ ಕಟ್ಟಿ. ಇಡೀ ಕಂಟೈನರ್ ಹೋಗೋದಕ್ಕಿಂತ ಅದು ಅಗ್ಗ.