ಅಪ್‌ಡೇಟ್: ಆರ್ಚ್ ಲಿನಕ್ಸ್‌ನ ಸಹಿ ದೋಷ ಬಗೆಹರಿಯಿತು

ಆರ್ಚ್ ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯಿರುವ, ಏಳು ತಿಂಗಳು ಮುಚ್ಚಿಟ್ಟಿದ್ದ ಲ್ಯಾಪ್‌ಟಾಪ್‌ನಲ್ಲಿ, ತಂತ್ರಾಂಶ ಅಳವಡಿಸುವ ಸಾಧನವಾದ ಪ್ಯಾಕ್‌ಮನ್ ಒಂದೊಂದೇ ಪ್ಯಾಕೇಜಿನ (ತಂತ್ರಾಂಶದ ಕಟ್ಟಿನ) ಡಿಜಿಟಲ್ ಸಹಿಯನ್ನು ‘ನಂಬಿಕೆ ತಿಳಿದಿಲ್ಲ’ ಎಂದು ತಳ್ಳಿಹಾಕುತ್ತಿದೆ, ಏನು ಮಾಡಲಿ ಎಂದು ಕೇಳಿದ್ದೆ. ನಿನ್ನೆ ರಾತ್ರಿ ಸರಿಹೋಯಿತು. ನೆರವಾದ ಎಲ್ಲರಿಗೂ ಮನಸಾರೆ ಧನ್ಯವಾದ.

ಗಡಿಯಾರ ನೋಡಿ ಎಂದಿದ್ದಿರಿ, ನೋಡಿದೆ. ದಿನಾಂಕ, ಸಮಯ ಎರಡೂ ಸರಿಯಾಗಿದ್ದವು. ತೊಂದರೆ ಇದ್ದದ್ದು ಹಳೆಯ ಕೀಲಿಗೊಂಚಲಿನಲ್ಲಿ, ಅಂದರೆ ಸಹಿಗಳನ್ನು ಪರಿಶೀಲಿಸುವ ಡಿಜಿಟಲ್ ಕೀಲಿಗಳ ಸಂಗ್ರಹದಲ್ಲಿ. ಆರ್ಚ್‌ನಲ್ಲಿ ಪ್ಯಾಕೇಜ್ ಸಿದ್ಧಪಡಿಸುವವರ ಕೀಲಿಗೆ ಕನಿಷ್ಠ 3 ಮುಖ್ಯ ಕೀಲಿಗಳ ಸಹಿ ಇದ್ದರಷ್ಟೇ ನಂಬಿಕೆ ದೊರೆಯುತ್ತದೆ. ಆ ವಿವರ ನಮ್ಮ ಯಂತ್ರಕ್ಕೆ ಬರುವುದು ‘ಆರ್ಚ್‌ಲಿನಕ್ಸ್-ಕೀರಿಂಗ್’ ಎಂಬ ಪ್ಯಾಕೇಜಿನ ಮೂಲಕ. ನಾನು ಎಲ್ಲವನ್ನೂ ಒಟ್ಟಿಗೆ ನವೀಕರಿಸಲು ಹೊರಟಿದ್ದೆ. ಸಹಿಯ ತಪಾಸಣೆ ಮೊದಲು, ಅಳವಡಿಕೆ ಆಮೇಲೆ. ಹಾಗಾಗಿ ಹೊಸ ಕೀಲಿಗಳು ಬಾಗಿಲಲ್ಲೇ ನಿಂತಿದ್ದವು.

ಮೊದಲು ಪ್ಯಾಕ್‌ಮನ್‌ನ ‘ಎಸ್‌ವೈ’ (-Sy, ಪ್ಯಾಕೇಜ್ ಪಟ್ಟಿಯನ್ನು ಹೊಸದಾಗಿಸಿ ಅಳವಡಿಸುವ) ಆಯ್ಕೆಯೊಂದಿಗೆ ಆ ಕೀರಿಂಗ್ ಪ್ಯಾಕೇಜ್ ಒಂದನ್ನೇ ಹಾಕಿದೆ. ತೆರೆಯ ಮೇಲೆ ಕೀಲಿಗಳು ಸೇರಿ, ನಂಬಿಕೆಯ ದಾಖಲೆ ನವೀಕರಣಗೊಂಡಿತು. ಒಡನೆಯೇ ‘ಎಸ್‌ಯು’ (-Su, ಇರುವ ಎಲ್ಲ ಪ್ಯಾಕೇಜುಗಳನ್ನು ನವೀಕರಿಸುವ ಆಯ್ಕೆ) ಕೊಟ್ಟು ಉಳಿದದ್ದನ್ನೆಲ್ಲ ನವೀಕರಿಸಿದೆ. ಈ ಎರಡು ಹೆಜ್ಜೆಗಳ ನಡುವೆ ಬೇರೇನನ್ನೂ ಅಳವಡಿಸಬೇಡಿ. ಅರೆಬರೆ ನವೀಕರಣಕ್ಕೆ ಆರ್ಚ್‌ನಲ್ಲಿ ಬೆಂಬಲವಿಲ್ಲ.

ಸಹಿ ತಪಾಸಣೆಯನ್ನೇ ನಿಲ್ಲಿಸಿಬಿಡಿ ಎಂಬ ಸಲಹೆಯೂ ಬಂದಿತ್ತು. ಅದನ್ನು ನಾನು ಒಪ್ಪಲಿಲ್ಲ, ದಯವಿಟ್ಟು ನೀವೂ ಮಾಡಬೇಡಿ. ದಾರಿಯಲ್ಲಿ ಯಾರಾದರೂ ಪ್ಯಾಕೇಜನ್ನು ತಿದ್ದಿದ್ದರೆ ಹಿಡಿದುಕೊಡುವುದು ಆ ಸಹಿಯೇ.

ಇನ್ನೊಂದು ಮಾತು: ಹಿಂದಿನ ವಿಫಲ ಯತ್ನಗಳಲ್ಲಿ ಇಳಿದಿದ್ದ ಫೈಲುಗಳನ್ನು ಅಳಿಸಲೇ ಎಂದು ಪ್ಯಾಕ್‌ಮನ್ ಕೇಳಿದಾಗ ಹೌದು ಎಂದಿದ್ದೆ. ಅವು ಮತ್ತೆ ಇಳಿದವು, ಅಷ್ಟೇ.